ಬೆಳಿಗ್ಗೆ ಪಾಠ, ರಾತ್ರಿ ಪಾಳಿ

ಹಾಸ್ಟೆಲ್ ವಾರ್ಡನ್ ಆಗಲು ಎರಡು ವರ್ಷ ಸ್ನಾತಕೋತ್ತರ ಪದವಿ ಓದಬೇಕು ಎಂದರೆ ನಮ್ಮ ಕಡೆ ಜನ ನಕ್ಕುಬಿಡುತ್ತಾರೆ. ವಾರ್ಡನ್ ಎಂದರೆ ಗೇಟಿನ ಬೀಗ, ಹಾಜರಿ ಪುಸ್ತಕ, ಅಡುಗೆಯವರೊಂದಿಗೆ ಅಕ್ಕಿ ಬೇಳೆಯ ಲೆಕ್ಕ. ಅದರಲ್ಲಿ ಓದುವುದೇನಿದೆ? ಅಮೆರಿಕದಲ್ಲಿ ಓದುತ್ತಾರೆ. ಇಂಡಿಯಾನಾ, ಅಯೋವಾ ಸ್ಟೇಟ್, ಜಾರ್ಜಿಯಾ, ಬೌಲಿಂಗ್ ಗ್ರೀನ್, ಒಹಾಯೊ ರಾಜ್ಯದಲ್ಲಿರುವ ಮಯಾಮಿ ವಿಶ್ವವಿದ್ಯಾಲಯ (ಫ್ಲಾರಿಡಾದ ಊರಿಗೂ ಇದಕ್ಕೂ ಸಂಬಂಧವಿಲ್ಲ), ಇನ್ನೂ ಎಷ್ಟೋ ಕಡೆ ‘ಸ್ಟೂಡೆಂಟ್ ಅಫೇರ್ಸ್’ ಎಂಬ ವಿಷಯದಲ್ಲೇ ಮಾಸ್ಟರ್ಸ್ ಪದವಿ ಇದೆ. ತರಗತಿಯ ಹೊರಗೆ ವಿದ್ಯಾರ್ಥಿಗೆ ಏನೇನು ಆಗುತ್ತದೋ ಅದೆಲ್ಲವೂ ಇದರ ವ್ಯಾಪ್ತಿಗೆ ಬರುತ್ತದೆ. ಹೊಸಬರಿಗೆ ಕ್ಯಾಂಪಸ್ ಪರಿಚಯಿಸುವುದು, ಹಾಸ್ಟೆಲ್ ನಡೆಸುವುದು, ಶಿಸ್ತಿನ ವಿಚಾರಣೆ, ಅಂಗವಿಕಲರಿಗೆ ಪರೀಕ್ಷೆಯ ಏರ್ಪಾಡು, ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ, ಸಂಘಗಳ ಖರ್ಚುವೆಚ್ಚ, ಉದ್ಯೋಗ ಸಲಹೆ, ಕೆಲವೊಮ್ಮೆ ಸತ್ತ ವಿದ್ಯಾರ್ಥಿಯ ಕೋಣೆಯನ್ನು ಅವನ ತಂದೆ ತಾಯಿಯ ಜೊತೆ ನಿಂತು ಖಾಲಿ ಮಾಡಿಸುವುದು.

ಈ ಕೋರ್ಸಿನ ಪಠ್ಯಕ್ಕಿಂತ ಅದನ್ನು ಓದುವವರ ಸ್ಥಿತಿ ನನಗೆ ಹೆಚ್ಚು ಕುತೂಹಲದ್ದು ಅನ್ನಿಸುತ್ತದೆ. ಇಪ್ಪತ್ಮೂರು ವರ್ಷದ ಒಬ್ಬಳು ಹತ್ತೊಂಬತ್ತು ವರ್ಷದವರನ್ನು ನೋಡಿಕೊಳ್ಳಲು ಕಲಿಯುತ್ತಾಳೆ. ಅದನ್ನು ಕಲಿಯುವ ಸಂಸ್ಥೆಯಲ್ಲೇ ಕೆಲಸ ಮಾಡುತ್ತಾಳೆ, ಆ ಕೆಲಸದ ಬಲದಿಂದಲೇ ಫೀಸು ತಪ್ಪಿಸಿಕೊಳ್ಳುತ್ತಾಳೆ. ತನ್ನ ಆರೈಕೆ ಯಾರು ಮಾಡಬೇಕು ಎಂಬ ಪ್ರಶ್ನೆಯನ್ನು ಪ್ರಬಂಧದಲ್ಲಿ ಬರೆಯಲು ಅವಳಿಗೆ ಅವಕಾಶ ಸಿಗುತ್ತದೆ. ಕೇಳಲು ಸಿಗುವುದು ಕಡಿಮೆ.

ಯಾರು ಬರುತ್ತಾರೆ ಇದಕ್ಕೆ? ದೊಡ್ಡವನಾದ ಮೇಲೆ ವಿದ್ಯಾರ್ಥಿ ಕ್ಷೇಮದ ಡೀನ್ ಆಗುತ್ತೇನೆ ಎಂದು ಹೇಳುವ ಮಗು ಯಾವ ದೇಶದಲ್ಲೂ ಹುಟ್ಟಿಲ್ಲ. ಹಾಗಾಗಿ ಇಲ್ಲಿಗೆ ಬರುವವರು ಜೀವಶಾಸ್ತ್ರ, ನಾಟಕ, ರಾಜ್ಯಶಾಸ್ತ್ರ ಹೀಗೆ ಏನೇನೋ ಓದಿಕೊಂಡು ಬಂದವರು. ಪದವಿಯಲ್ಲಿದ್ದಾಗ ಹಾಸ್ಟೆಲಿನ ಮಹಡಿಯೊಂದಕ್ಕೆ ಹಿರಿಯ ವಿದ್ಯಾರ್ಥಿ ಸಹಾಯಕರಾಗಿದ್ದವರು (ಅಲ್ಲಿ ಅವರನ್ನು ಆರ್‌ಎ ಎನ್ನುತ್ತಾರೆ), ಹೊಸಬರಿಗೆ ಕ್ಯಾಂಪಸ್ ತೋರಿಸಿದವರು, ವಿದ್ಯಾರ್ಥಿ ಸಂಘದ ಪದಾಧಿಕಾರಿಗಳಾಗಿದ್ದವರು. ಮೂರನೇ ವರ್ಷದಲ್ಲೋ ನಾಲ್ಕನೇ ವರ್ಷದಲ್ಲೋ ಅವರ ಮೇಲಧಿಕಾರಿಯೊಬ್ಬರು ಪಕ್ಕಕ್ಕೆ ಕರೆದು, ನೀನು ಇಷ್ಟಪಟ್ಟು ಮಾಡುವ ಈ ಕೆಲಸವನ್ನೇ ಜೀವನೋಪಾಯ ಮಾಡಿಕೊಳ್ಳಬಹುದು ಗೊತ್ತಾ ಎಂದು ಹೇಳಿರುತ್ತಾರೆ. ಈ ವೃತ್ತಿಯಲ್ಲಿರುವ ಹತ್ತು ಜನರನ್ನು ಕೇಳಿದರೆ ಬಹುಪಾಲು ಜನ ಇಂಥದೇ ಕತೆ ಹೇಳುತ್ತಾರೆ.

ಇದರಲ್ಲೊಂದು ತೊಡಕಿದೆ. ಕಾಲೇಜು ಯಾರಿಗೆ ಒಗ್ಗಿತೋ, ಯಾರನ್ನು ಅಪ್ಪಿಕೊಂಡಿತೋ ಅವರೇ ಈ ಕೋರ್ಸಿಗೆ ಬರುತ್ತಾರೆ. ಅವರು ಮುಂದೆ ನೆರವಾಗಬೇಕಾದದ್ದು ಕಾಲೇಜು ಒಗ್ಗದವರಿಗೆ. ಸಂಜೆ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಓಡುವವನಿಗೆ, ಯಾವ ಸಂಘಕ್ಕೂ ಸೇರದವಳಿಗೆ, ಎರಡನೇ ತಿಂಗಳಲ್ಲೇ ಗಂಟುಮೂಟೆ ಕಟ್ಟುವವನಿಗೆ. ಒಳ್ಳೆಯ ಪ್ರಾಧ್ಯಾಪಕರು ಮೊದಲ ಸೆಮಿಸ್ಟರಿನಲ್ಲೇ ಇದನ್ನು ಎತ್ತಿ ಹೇಳುತ್ತಾರೆ. ತರಗತಿಯಲ್ಲಿ ಸ್ವಲ್ಪ ಹೊತ್ತು ಮೌನ ಕವಿಯುವ ಪಾಠ ಇದು.

ಇಂಥದೊಂದು ಪದವಿ ಯಾಕೆ ಹುಟ್ಟಿತು ಎಂಬುದಕ್ಕೆ ಸುಮಾರು 130 ವರ್ಷದ ಹಿನ್ನೆಲೆ ಇದೆ. 1892ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಬಾಗಿಲು ತೆರೆದಾಗ ಹೆಣ್ಣುಮಕ್ಕಳ ಉಸ್ತುವಾರಿಗೆ ಡೀನ್ ಆಗಿ ಆಲಿಸ್ ಫ್ರೀಮನ್ ಪಾಮರ್ ಅವರನ್ನು ಕರೆತಂದರು. ಅವರೊಂದಿಗೆ ಬಂದ ಮರಿಯನ್ ಟಾಲ್ಬಟ್ ಆ ಹುದ್ದೆಗೆ ಒಂದು ಘನತೆ ತಂದುಕೊಟ್ಟರು. ಹುಡುಗಿಯರು ಎಲ್ಲಿ ಉಳಿಯಬೇಕು, ಯಾರೊಂದಿಗೆ ತಿರುಗಬಾರದು ಎಂದು ಕಾವಲು ಕಾಯಲು ನೇಮಿಸಿದ್ದ ಹುದ್ದೆಯಲ್ಲಿ ಕೂತು ಈ ಹೆಂಗಸರು ಬೇರೆಯದೇ ಕೆಲಸ ಮಾಡಿದರು. ಸಮಾವೇಶ ಕರೆದರು, ಲೇಖನ ಬರೆದರು, ತಮ್ಮ ಕೆಲಸಕ್ಕೂ ತರಬೇತಿ ಬೇಕು ಎಂದು ಹಟ ಹಿಡಿದರು. 1910ರ ದಶಕದಲ್ಲಿ ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನಲ್ಲಿ ಇವರಿಗಾಗಿ ಕೋರ್ಸು ಶುರುವಾಯಿತು. ಗಂಡಸರ ಡೀನ್‌ಗಳು ಒಟ್ಟು ಸೇರಿದ್ದು 1919ರಲ್ಲಿ, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ. ಈ ವೃತ್ತಿಯವರ ಇವತ್ತಿನ ‘ನಾಸ್ಪಾ’ ಸಂಘಟನೆಯ ಮೂಲ ಅದೇ. ಈ ವೃತ್ತಿಯನ್ನು ಶಾಸ್ತ್ರವಾಗಿ ಕಟ್ಟಿದ ಶ್ರೇಯ ಹೆಂಗಸರದು. ಆಮೇಲೆ ಗಂಡುಹೆಣ್ಣುಗಳ ಕಚೇರಿ ಒಂದಾದಾಗ ಎಷ್ಟೋ ಕಡೆ ಕುರ್ಚಿ ಸಿಕ್ಕಿದ್ದು ಗಂಡಸರಿಗೆ. ಅದು ಎಲ್ಲ ಕಡೆಯ ಕತೆ.

1937ರಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಒಂದು ಚಿಕ್ಕ ದಸ್ತಾವೇಜು ಹೊರತಂದಿತು. ವಿದ್ಯಾರ್ಥಿಯ ತಲೆಯನ್ನಷ್ಟೇ ಕಾಲೇಜು ಸೇರಿಸಿಕೊಳ್ಳುವುದಿಲ್ಲ, ಅವನ ಆರೋಗ್ಯ, ಹಣಕಾಸು, ನೆಂಟಸ್ತಿಕೆ, ನಂಬಿಕೆ ಎಲ್ಲವೂ ಅವನೊಂದಿಗೆ ಒಳಗೆ ಬರುತ್ತವೆ, ಅವನ್ನೂ ನೋಡಿಕೊಳ್ಳಬೇಕು ಎಂಬುದು ಅದರ ತಿರುಳು. ಇಂದಿಗೂ ಈ ಕೋರ್ಸು ಸೇರಿದವರ ಕೈಗೆ ಮೊದಲು ಬರುವ ಓದುಗಳಲ್ಲಿ ಅದೂ ಒಂದು.

ಆದರೆ ಈ ವೃತ್ತಿಗೆ ಇಂದಿನ ರೂಪ ಕೊಟ್ಟಿದ್ದರಲ್ಲಿ ಕೋರ್ಟಿನ ಪಾಲು ದೊಡ್ಡದು. 1960ರ ಫೆಬ್ರುವರಿಯಲ್ಲಿ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ, ಕರಿಯರ ಕಾಲೇಜಾದ ಅಲಬಾಮಾ ಸ್ಟೇಟ್‌ನ ವಿದ್ಯಾರ್ಥಿಗಳು ಕೋರ್ಟ್ ಕಟ್ಟಡದ ಕ್ಯಾಂಟೀನಿಗೆ ಹೋಗಿ ಕೂತರು. ಬಿಳಿಯರಿಗಷ್ಟೇ ಊಟ ಬಡಿಸುವ ಕ್ಯಾಂಟೀನು ಅದು. ಕೆಲವೇ ದಿನಗಳಲ್ಲಿ ಒಂಬತ್ತು ಜನರನ್ನು ಕಾಲೇಜಿನಿಂದ ಹೊರಹಾಕಿದರು. ವಿಚಾರಣೆ ಇಲ್ಲ, ನಿಮ್ಮ ಮೇಲಿನ ಆರೋಪ ಇದು ಎಂದು ತಿಳಿಸಿದ್ದೂ ಇಲ್ಲ. ಅಲ್ಲಿಯವರೆಗೆ ಕಾಲೇಜಿಗೆ ಅದು ಸಹಜವಾಗಿತ್ತು. ತಂದೆಯ ಸ್ಥಾನದಲ್ಲಿ ತಾನಿದ್ದೇನೆ, ಮಗನನ್ನು ದಂಡಿಸಲು ತಂದೆ ಯಾರ ಅಪ್ಪಣೆ ಕೇಳಬೇಕು ಎಂಬ ಧೋರಣೆ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1961ರಲ್ಲಿ ‘ಡಿಕ್ಸನ್’ ಪ್ರಕರಣದ ತೀರ್ಪು ಬಂತು: ಸರ್ಕಾರಿ ಕಾಲೇಜು ವಿದ್ಯಾರ್ಥಿಯನ್ನು ಹೊರಹಾಕುವ ಮುನ್ನ ಆರೋಪ ತಿಳಿಸಬೇಕು, ಅವನ ಮಾತು ಕೇಳಬೇಕು. ಅಪ್ಪನ ಪಾತ್ರ ಅಲ್ಲಿಂದ ಸಡಿಲವಾಯಿತು. ಆ ಜಾಗಕ್ಕೆ ಕಾರ್ಯವಿಧಾನ ಬಂತು, ಅದನ್ನು ಬಲ್ಲ ಅಧಿಕಾರಿಗಳು ಬೇಕಾದರು.

ಮುಂದೆ ಒಂದೊಂದು ಕಾಯ್ದೆಯೂ ಒಂದೊಂದು ಕಚೇರಿಯನ್ನು ಹುಟ್ಟಿಸಿತು. 1972ರ ‘ಟೈಟಲ್ ನೈನ್’ ಲಿಂಗ ತಾರತಮ್ಯವನ್ನು ನಿಷೇಧಿಸಿತು, ಲೈಂಗಿಕ ಕಿರುಕುಳದ ದೂರುಗಳೂ ಕಾಲಕ್ರಮೇಣ ಅದರಡಿಗೆ ಬಂದವು. 1974ರ ‘ಫರ್ಪಾ’ ವಿದ್ಯಾರ್ಥಿಯ ಅಂಕಪಟ್ಟಿ, ಶಿಸ್ತಿನ ಕಡತಗಳನ್ನು ಗೋಪ್ಯ ಮಾಡಿತು. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಎಂಬ 19ರ ಹುಡುಗಿಯ ಕೊಲೆಯಾಯಿತು. ಅವಳ ತಂದೆ ತಾಯಿ ಪಟ್ಟು ಬಿಡದೆ ಹೋರಾಡಿದರು. 1990ರಲ್ಲಿ ಬಂದ, ಈಗ ಅವಳ ಹೆಸರನ್ನೇ ಹೊತ್ತಿರುವ ಕಾಯ್ದೆಯ ಪ್ರಕಾರ ಪ್ರತಿ ಕ್ಯಾಂಪಸ್ಸೂ ತನ್ನ ಆವರಣದ ಅಪರಾಧಗಳ ಲೆಕ್ಕವನ್ನು ವರ್ಷವರ್ಷ ಪ್ರಕಟಿಸಬೇಕು. ಇವನ್ನೆಲ್ಲ ಇಲ್ಲಿ ಹೇಳಲು ಕಾರಣವಿದೆ. ವಾರ್ಡನ್ ಕೆಲಸಕ್ಕೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಒಳ್ಳೆಯ ಮನಸ್ಸಿನಿಂದ ತಂದೆಗೆ ಮಗನ ಅಂಕ ಹೇಳಿಬಿಟ್ಟರೆ ಅದು ಕಾನೂನು ಉಲ್ಲಂಘನೆ ಆಗಬಹುದು.

ಇನ್ನು ಓದುವವರ ದಿನಚರಿ. ಈ ಕೋರ್ಸಿಗೆ ಸೇರುವವರಲ್ಲಿ ತುಂಬ ಜನ ಅದರೊಂದಿಗೇ ‘ಅಸಿಸ್ಟೆಂಟ್‌ಶಿಪ್’ ಹಿಡಿಯುತ್ತಾರೆ. ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನ ಯಾವುದಾದರೂ ಕಚೇರಿಯಲ್ಲಿ ದುಡಿದರೆ ಬೋಧನಾ ಶುಲ್ಕ ಪೂರ್ತಿ ಅಥವಾ ಭಾಗಶಃ ಮನ್ನಾ, ಮೇಲೊಂದಿಷ್ಟು ಸ್ಟೈಪೆಂಡ್. ಹಾಸ್ಟೆಲ್ ವಿಭಾಗದಲ್ಲಿ ಸಿಕ್ಕರೆ ಕಟ್ಟಡದೊಳಗೇ ಒಂದು ಪುಟ್ಟ ಮನೆ, ಮೆಸ್ಸಿನ ಊಟ. ಈ ಕ್ಷೇತ್ರದ ಮಾನದಂಡ ಮಂಡಳಿ ಕೇಳುವುದು ಕನಿಷ್ಠ 300 ಗಂಟೆಗಳ ಮೇಲ್ವಿಚಾರಣೆಯ ಪ್ರಾಯೋಗಿಕ ಕೆಲಸ. ವಾರಕ್ಕೆ 20ರಂತೆ ಎರಡು ವರ್ಷದ ಲೆಕ್ಕ ಹಾಕಿದರೆ ಅಸಿಸ್ಟೆಂಟ್‌ಶಿಪ್ಪಿನ ಗಂಟೆಗಳು ಸಾವಿರವನ್ನು ಸುಲಭವಾಗಿ ದಾಟುತ್ತವೆ. ಪದವಿಯ ನಿಜವಾದ ತೂಕ ಎಲ್ಲಿದೆ ಎಂದು ಇದರಲ್ಲೇ ಗೊತ್ತಾಗುತ್ತದೆ.

ಇನ್ನೂರೈವತ್ತು, ಮುನ್ನೂರು ಮಕ್ಕಳಿರುವ ಒಂದು ಹಾಸ್ಟೆಲಿನ ಹೊಣೆ ಹೊತ್ತ ವಿದ್ಯಾರ್ಥಿನಿಯ ಅಕ್ಟೋಬರ್ ತಿಂಗಳ ಒಂದು ಮಂಗಳವಾರವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಒಂಬತ್ತಕ್ಕೆ ತರಗತಿ. ಪಾಠ ನ್ಯಾನ್ಸಿ ಶ್ಲಾಸ್‌ಬರ್ಗ್ ಅವರದು. ಬದುಕಿನ ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟುವಾಗ ಮನುಷ್ಯನಿಗೆ ನಾಲ್ಕು ಸಂಗತಿ ಲೆಕ್ಕಕ್ಕೆ ಬರುತ್ತವೆ, ಸನ್ನಿವೇಶ ಎಂಥದು, ತಾನು ಎಂಥವನು, ಬೆನ್ನಿಗೆ ಯಾರಿದ್ದಾರೆ, ಯಾವ ಉಪಾಯ ಗೊತ್ತು ಎಂದು 1980ರ ದಶಕದಿಂದ ಹೇಳಿಕೊಂಡು ಬರುತ್ತಿರುವ ಸಿದ್ಧಾಂತ. ಮಧ್ಯಾಹ್ನ ಕಚೇರಿ. ಇಬ್ಬರು ರೂಂಮೇಟುಗಳ ಜಗಳ: ಒಬ್ಬಳಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬಳಿಗೆ ಮುಚ್ಚಿರಬೇಕು. ಅರ್ಧ ಗಂಟೆ ಮಾತಾಡಿಸಿದ ಮೇಲೆ ಕಿಟಕಿ ಪಕ್ಕಕ್ಕೆ ಸರಿದು, ರಾತ್ರಿ ಉಳಿಯಲು ಬರುವ ಗೆಳೆಯನ ವಿಷಯ ಹೊರಬೀಳುತ್ತದೆ. ಸಂಜೆ ಹತ್ತು ಹನ್ನೆರಡು ಜನ ಆರ್‌ಎಗಳ ಸಭೆ. ಅವರಲ್ಲಿ ಹೆಚ್ಚಿನವರು ಇವಳಿಗಿಂತ ಎರಡು ಮೂರು ವರ್ಷ ಚಿಕ್ಕವರು, ಕೆಲವರು ಓರಗೆಯವರೇ. ಆಮೇಲೆ ನಾಳೆಗೆ ಬರೆಯಬೇಕಾದ ಎಂಟು ಪುಟ.

ರಾತ್ರಿ ಅವಳ ಬಳಿ ಡ್ಯೂಟಿ ಫೋನ್ ಇರುತ್ತದೆ. ಎರಡು ಗಂಟೆಗೆ ಬಡಿದುಕೊಳ್ಳುತ್ತದೆ. ನಾಲ್ಕನೇ ಮಹಡಿಯ ಬಚ್ಚಲಲ್ಲಿ ಒಬ್ಬ ಕುಡಿದು ಬಿದ್ದಿದ್ದಾನೆ, ಕರೆದರೆ ಮಾತಾಡುತ್ತಿಲ್ಲ. ಆಂಬುಲೆನ್ಸ್ ಕರೆಸಬೇಕು, ಕ್ಯಾಂಪಸ್ ಪೊಲೀಸರಿಗೆ ತಿಳಿಸಬೇಕು, ಗಾಬರಿಯಾದ ಆರ್‌ಎ ಹುಡುಗನನ್ನು ಕೂರಿಸಿ ನೀರು ಕೊಡಬೇಕು, ಸುತ್ತ ನೆರೆದವರನ್ನು ಕೋಣೆಗೆ ಕಳಿಸಬೇಕು, ತನ್ನ ಮೇಲಿನವರನ್ನು ಎಬ್ಬಿಸಬೇಕೋ ಬೇಡವೋ ತೀರ್ಮಾನಿಸಬೇಕು. ನಾಲ್ಕಕ್ಕೆ ವರದಿ ಬರೆಯಬೇಕು. ಆ ವರದಿಯಲ್ಲಿ ‘ಕುಡಿದಿದ್ದ’ ಎಂದು ಬರೆಯುವಂತಿಲ್ಲ. ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ಕರೆದರೆ ಉತ್ತರಿಸಲಿಲ್ಲ, ಎರಡು ಬಾರಿ ವಾಂತಿ ಮಾಡಿಕೊಂಡ ಎಂದು ಕಂಡದ್ದನ್ನಷ್ಟೇ ಬರೆಯಬೇಕು. ನಾಳೆ ಇದೇ ಕಾಗದ ವಿಚಾರಣೆಯ ಮೇಜಿನ ಮೇಲೆ ಇರುತ್ತದೆ. ಒಂದು ಒಳ್ಳೆಯ ವರದಿ ಬರೆಯುವುದನ್ನು ಕಲಿಯಲು ಒಂದು ಸೆಮಿಸ್ಟರ್ ಬೇಕು ಎಂದರೆ ಪತ್ರಿಕೆಯಲ್ಲಿ ಕೆಲಸ ಮಾಡಿದವರಾದರೂ ಒಪ್ಪುತ್ತಾರೆ ಎಂದುಕೊಂಡಿದ್ದೇನೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹುಡುಗಿಯೊಬ್ಬಳು ಬಾಗಿಲು ತಟ್ಟಿ, ನಿಮ್ಮ ಹತ್ತಿರ ಒಂದು ವಿಷಯ ಹೇಳಬೇಕು, ಯಾರಿಗೂ ಹೇಳಬೇಡಿ ಎನ್ನುತ್ತಾಳೆ. ಅವಳು ವಿಷಯ ಬಿಚ್ಚುವ ಮುನ್ನವೇ ಇವಳು ತಡೆಯಬೇಕು. ಲೈಂಗಿಕ ದೌರ್ಜನ್ಯದಂಥ ವಿಷಯವಾದರೆ ನಾನು ಮೇಲಿನ ಕಚೇರಿಗೆ ತಿಳಿಸಲೇಬೇಕು, ಗುಟ್ಟಾಗಿ ಉಳಿಯಬೇಕು ಎಂದಿದ್ದರೆ ಆಪ್ತಸಮಾಲೋಚಕರ ಬಳಿ ಕರೆದುಕೊಂಡು ಹೋಗುತ್ತೇನೆ, ಈಗಲೇ ಬರುತ್ತೇನೆ ಎನ್ನಬೇಕು. ಧೈರ್ಯ ಒಟ್ಟುಮಾಡಿಕೊಂಡು ಬಂದವಳ ಎದುರು ನಿಯಮ ಹೇಳುವುದು ಎಷ್ಟು ಒರಟು ಎಂದು ಅನ್ನಿಸದೇ ಇರದು. ಹೇಳದೆ ಕೇಳಿಸಿಕೊಂಡು ಆಮೇಲೆ ವರದಿ ಮಾಡುವುದು ಅದಕ್ಕಿಂತ ದೊಡ್ಡ ದ್ರೋಹ. ಆ ಎಚ್ಚರಿಕೆಯ ಮಾತನ್ನು ಯಾವ ದನಿಯಲ್ಲಿ, ಯಾವ ಮುಖದಲ್ಲಿ ಹೇಳಬೇಕು ಎಂಬುದನ್ನು ತರಗತಿಯಲ್ಲಿ ಜೋಡಿಗಳಾಗಿ ಕೂತು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಪದವಿಯಲ್ಲಿ ನಮ್ಮವರು ತಪ್ಪದೇ ಎರವಲು ತರಬೇಕಾದದ್ದು ಇದು.

ತಂದೆ ತಾಯಿಯ ಫೋನುಗಳದು ಬೇರೆ ಅಧ್ಯಾಯ. 2023–24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು, ಆ ವರ್ಷ ಚೀನಾವನ್ನೂ ಹಿಂದೆ ಹಾಕಿದ್ದೆವು. ಇವರಲ್ಲಿ ಒಬ್ಬ ಎರಡು ದಿನ ಮನೆಗೆ ಫೋನ್ ಮಾಡದಿದ್ದರೆ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಮನೆಯವರಿಗೆ ನಿದ್ದೆ ಬರುವುದಿಲ್ಲ. ನನ್ನ ಮಗ ತರಗತಿಗೆ ಹೋಗುತ್ತಿದ್ದಾನಾ ಎಂದು ತಂದೆ ಕೇಳುತ್ತಾರೆ. ನಿಮ್ಮ ಮಗನ ಒಪ್ಪಿಗೆ ಇಲ್ಲದೆ ಹೇಳಲು ಬರುವುದಿಲ್ಲ ಎಂಬ ಉತ್ತರ ಬರುತ್ತದೆ. ಫೀಸು ಕಟ್ಟುತ್ತಿರುವುದು ನಾನು ಎಂದು ಆ ಕಡೆಯಿಂದ ದನಿ ಏರುತ್ತದೆ. ಫರ್ಪಾ ಕಾಯ್ದೆಯ ಚೌಕಟ್ಟಿನಲ್ಲೇ ಆ ತಂದೆಗೆ ಮಾಡಿಕೊಡಬಹುದಾದದ್ದು ಇದೆ. ಅವನ ಕೋಣೆಗೆ ಹೋಗಿ ಕ್ಷೇಮ ನೋಡಿಕೊಂಡು, ಮನೆಗೊಂದು ಫೋನ್ ಮಾಡು ಎಂದು ಹೇಳಿಬರಬಹುದು. ಜೀವಕ್ಕೆ ಅಪಾಯವಿರುವ ಸಂದರ್ಭದಲ್ಲಿ ಕಾಯ್ದೆಯೇ ಸಡಿಲವಾಗುತ್ತದೆ. ಅನುಭವವಿಲ್ಲದ ಮೊದಲ ವರ್ಷದವರು ಕಾಯ್ದೆಯ ಮೊದಲ ಸಾಲು ಹೇಳಿ ಫೋನಿಡುತ್ತಾರೆ, ಎರಡನೇ ವರ್ಷದವರು ಮೆಟ್ಟಿಲು ಹತ್ತಿ ಹೋಗಿ ಬರುತ್ತಾರೆ.

ತರಗತಿಯ ಸಿದ್ಧಾಂತಗಳಿಗೂ ಈ ಮೆಟ್ಟಿಲುಗಳಿಗೂ ಹೊಂದಿಕೆ ಇದೆಯೇ? ಸ್ವಲ್ಪ ಇದೆ. ನೆವಿಟ್ ಸ್ಯಾನ್‌ಫರ್ಡ್ 1960ರ ದಶಕದಲ್ಲಿ ಹೇಳಿದ ಮಾತು ಇಂದಿಗೂ ಎಲ್ಲರ ಬಾಯಲ್ಲಿದೆ: ಸವಾಲು ಹೆಚ್ಚಾದರೆ ವಿದ್ಯಾರ್ಥಿ ಕುಸಿಯುತ್ತಾನೆ, ಆಸರೆ ಹೆಚ್ಚಾದರೆ ಬೆಳೆಯುವುದಿಲ್ಲ, ಎರಡರ ಅಳತೆ ನೋಡಿಕೊಳ್ಳಬೇಕು. ಆರ್ಥರ್ ಚಿಕರಿಂಗ್ 1969ರ ಪುಸ್ತಕದಲ್ಲಿ ಯುವಕರ ಬೆಳವಣಿಗೆಗೆ ಏಳು ದಿಕ್ಕುಗಳನ್ನು ಗುರುತಿಸಿದರು. ವಿಲಿಯಂ ಪೆರಿ 1970ರಲ್ಲಿ, ಎಲ್ಲಕ್ಕೂ ಒಂದು ಸರಿಯುತ್ತರ ಇದೆ ಎಂದು ನಂಬಿ ಬರುವ ಹುಡುಗ ಹೇಗೆ ಹಂತಹಂತವಾಗಿ ಅನಿಶ್ಚಿತತೆಯ ನಡುವೆ ನಿಲುವು ತಾಳಲು ಕಲಿಯುತ್ತಾನೆ ಎಂದು ತೋರಿಸಿದರು. ಕೇಳಲು ಚೆನ್ನಾಗಿದೆ. ಆದರೆ ಪೆರಿ ಮಾತಾಡಿಸಿದ್ದು ಬಹುಮಟ್ಟಿಗೆ ಹಾರ್ವರ್ಡಿನ ಗಂಡುಹುಡುಗರನ್ನು. ಚಿಕರಿಂಗ್ ಅವರ ಮೂಲ ಕೆಲಸ ನಡೆದದ್ದು ವರ್ಮಾಂಟಿನ ಗಾಡರ್ಡ್ ಎಂಬ ಪುಟ್ಟ ಕಾಲೇಜಿನಲ್ಲಿ. ಮಾರ್ಷಿಯಾ ಬ್ಯಾಕ್ಸ್ಟರ್ ಮಗೋಲ್ಡಾ 1986ರಲ್ಲಿ ಮಯಾಮಿ ವಿಶ್ವವಿದ್ಯಾಲಯದ 101 ವಿದ್ಯಾರ್ಥಿಗಳಿಂದ ಶುರುಮಾಡಿ ದಶಕಗಳ ಕಾಲ ಅವರ ಬೆನ್ನು ಬಿಡದೆ ಸಂದರ್ಶನ ಮಾಡಿದರು. ಅಷ್ಟು ತಾಳ್ಮೆಯ ಸಂಶೋಧನೆ ಅಪರೂಪ, ಆ ವಿದ್ಯಾರ್ಥಿಗಳೂ ಬಹುಪಾಲು ಬಿಳಿಯರೇ.

ಬ್ಯಾಕ್ಸ್ಟರ್ ಮಗೋಲ್ಡಾ ಅವರ ಮುಖ್ಯ ಕಲ್ಪನೆ, ಮನುಷ್ಯ ಪ್ರಬುದ್ಧನಾದಂತೆ ಬೇರೆಯವರ ನಿರೀಕ್ಷೆಗಳಿಂದ ಹೊರಬಂದು ತನ್ನ ಬದುಕನ್ನು ತಾನೇ ಬರೆದುಕೊಳ್ಳುತ್ತಾನೆ ಎಂಬುದು. ನಮ್ಮ ಕಡೆಯಿಂದ ಹೋದ ವಿದ್ಯಾರ್ಥಿ ಇದನ್ನು ಓದಿ ತಲೆ ಕೆರೆದುಕೊಳ್ಳುವುದು ಸಹಜ. ತಂಗಿಯ ಮದುವೆ ಮುಗಿಯುವವರೆಗೆ ಕೆಲಸ ಬದಲಿಸುವುದಿಲ್ಲ ಎಂದು ನಿರ್ಧರಿಸಿದವನು ಅಪ್ರಬುದ್ಧನೇ? ಇಂಥ ಪ್ರಶ್ನೆ ಎತ್ತಿದರೆ ಈ ತರಗತಿಗಳಲ್ಲಿ ಬಾಯಿ ಮುಚ್ಚಿಸುವುದಿಲ್ಲ, ಅದು ಈ ಕೋರ್ಸಿನ ದೊಡ್ಡ ಗುಣ. 2005ರಲ್ಲಿ ತಾರಾ ಯೋಸೊ ಬರೆದ ಪ್ರಬಂಧ ಈಗ ಎಲ್ಲ ಕಡೆ ಪಠ್ಯ. ಬಿಳಿಯರಲ್ಲದ ಸಮುದಾಯಗಳ ಮಕ್ಕಳು ಬರಿಗೈಯಲ್ಲಿ ಕಾಲೇಜಿಗೆ ಬರುವುದಿಲ್ಲ, ಎರಡು ಭಾಷೆ, ಬಳಗ, ಸಂಸ್ಥೆಗಳೊಂದಿಗೆ ಗುದ್ದಾಡಿ ಕೆಲಸ ಮಾಡಿಸಿಕೊಳ್ಳುವ ಚಾಕಚಕ್ಯತೆ ಇವೆಲ್ಲ ಅವರ ಬಂಡವಾಳವೇ ಎಂಬ ವಾದ ಅದರದು.

ಚರ್ಚೆಗೆ ಬಾಗಿಲು ತೆರೆದಿಟ್ಟದ್ದರಿಂದ ಬೇರೊಂದು ಭಾರ ಹುಟ್ಟುತ್ತದೆ. ಹದಿನೈದು, ಇಪ್ಪತ್ತು ಜನರ ತಂಡ ಒಟ್ಟಿಗೆ ಸೇರಿ, ಒಟ್ಟಿಗೆ ಓದಿ, ಒಂದೇ ಕ್ಯಾಂಪಸ್ಸಿನಲ್ಲಿ ದುಡಿದು, ಒಟ್ಟಿಗೆ ಹೊರಬೀಳುತ್ತದೆ. ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿ ನಿಮ್ಮ ನಿಮ್ಮ ಕತೆ ಹೇಳಿ ಎನ್ನುತ್ತಾರೆ. ಜನಾಂಗದ ವಿಷಯ ಬಂದ ದಿನ ಎಲ್ಲರ ಕಣ್ಣೂ ತಂಡದ ಒಬ್ಬಿಬ್ಬರು ಕರಿಯ ವಿದ್ಯಾರ್ಥಿಗಳತ್ತ ತಿರುಗುತ್ತದೆ. ಅವರ ಗಾಯ ಉಳಿದವರ ಪಾಠವಾಗುತ್ತದೆ, ಅಂಕ ಮಾತ್ರ ಎಲ್ಲರಿಗೂ ಸಮ. ಈ ಕೋರ್ಸು ಮುಗಿಸಿದ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ತಮ್ಮ ಅನುಭವ ಬರೆದಾಗ ಪದೇ ಪದೇ ಬರುವ ದೂರು ಇದು.

ಅಸಿಸ್ಟೆಂಟ್‌ಶಿಪ್ ಹಿಡಿದವರ ಸ್ಥಿತಿ ಕೂಡುಕುಟುಂಬಕ್ಕೆ ಬಂದ ಹೊಸ ಸೊಸೆಯದು. ಹೊರಗಿನವರಿಗೆ ಮನೆಯವಳು, ಮನೆಯವರಿಗೆ ಇನ್ನೂ ಹೊರಗಿನವಳು. ಜವಾಬ್ದಾರಿ ಉಂಟು, ತೀರ್ಮಾನದಲ್ಲಿ ಪಾಲಿಲ್ಲ. ಮಧ್ಯಾಹ್ನ ತನಗೆ ಮೇಲಧಿಕಾರಿಯಾದವರೇ ಸಂಜೆ ಅತಿಥಿ ಉಪನ್ಯಾಸಕರಾಗಿ ಅಂಕ ಹಾಕಲು ಬರಬಹುದು. ಮುಂದೆ ಕೆಲಸಕ್ಕೆ ಶಿಫಾರಸು ಪತ್ರ ಕೊಡಬೇಕಾದವರೂ ಅವರೇ. ಹೀಗಿರುವಾಗ 20 ಗಂಟೆ ಎಂದು ಹೇಳಿ 30 ಗಂಟೆ ದುಡಿಸುತ್ತಿದ್ದೀರಿ ಎಂದು ದೂರುವುದು ಹೇಗೆ? ಡ್ಯೂಟಿ ಫೋನ್ ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗಿದ ರಾತ್ರಿ ಕೆಲಸದ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ? ಕರೆ ಬಂದರೆ ಮಾತ್ರ ಲೆಕ್ಕ ಎನ್ನುವವರೇ ಹೆಚ್ಚು. ಇದೆಲ್ಲದರ ನಡುವೆ, ನಿಮ್ಮ ಆರೋಗ್ಯವನ್ನೂ ನೋಡಿಕೊಳ್ಳಿ, ಸಾಕಷ್ಟು ನಿದ್ದೆ ಮಾಡಿ ಎಂಬ ಉಪದೇಶದ ಇಮೇಲ್ ತಿಂಗಳಿಗೊಮ್ಮೆ ಬರುತ್ತದೆ. ಬೇಕಾದದ್ದು ರಾತ್ರಿ ಪಾಳಿಗೆ ಇನ್ನೊಬ್ಬರು.

ವಿದ್ಯಾರ್ಥಿಗಳೂ ಸುಮ್ಮನೆ ಕೂತಿಲ್ಲ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮರ್ಸ್ಟ್ ಕ್ಯಾಂಪಸ್ಸಿನಲ್ಲಿ ಆರ್‌ಎಗಳು 2002ರಲ್ಲೇ ಕಾರ್ಮಿಕ ಸಂಘಕ್ಕೆ ಮತ ಹಾಕಿದರು. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ, ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ದುಡಿಯುವ ವಿದ್ಯಾರ್ಥಿ ಸಹಾಯಕರೂ ಕಾರ್ಮಿಕರೇ ಎಂದು ಹೇಳಿತು. 2020ರಲ್ಲಿ ಕೊರೊನಾ ಬಂದಾಗ ಉಳಿದವರನ್ನೆಲ್ಲ ಮನೆಗೆ ಕಳಿಸಿದ ಮೇಲೆ, ಮನೆಗೆ ಹೋಗಲಾರದೆ ಉಳಿದ ವಿದ್ಯಾರ್ಥಿಗಳ ಜೊತೆ ಹಾಸ್ಟೆಲಿನಲ್ಲೇ ಉಳಿದವರು ಇಂಥ ವಿದ್ಯಾರ್ಥಿ ಸಹಾಯಕರು. ಪ್ರತ್ಯೇಕ ಕೋಣೆಗಳ ಬಾಗಿಲಿಗೆ ಊಟದ ಪೊಟ್ಟಣ ಇಟ್ಟು ಬಂದವರೂ ಇವರೇ. ಆಮೇಲಿನ ವರ್ಷಗಳಲ್ಲಿ ಈ ವೃತ್ತಿ ಬಿಟ್ಟು ಹೋದವರ ಮಾತು ಸಮಾವೇಶಗಳಲ್ಲಿ ಬಹಳ ಕೇಳಿಬಂತು. ವೃತ್ತಿ ಬಿಟ್ಟವರನ್ನು ಸಹನೆ ಇಲ್ಲದವರು ಎಂದು ನೋಡುವ ಹಿರಿಯರು ಇನ್ನೂ ಇದ್ದಾರೆ. ತಾವು ಕಷ್ಟಪಟ್ಟೆವು, ಇವರೂ ಪಡಲಿ ಎಂಬ ನ್ಯಾಯ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಹೌಸ್ ಸರ್ಜನ್ಸಿ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಈ ನಡುವೆ ರಾಜಕೀಯವೂ ಮನೆಯೊಳಗೆ ಬಂದಿದೆ. ಟೆಕ್ಸಸ್ 2023ರಲ್ಲಿ ಮಾಡಿದ ಕಾಯ್ದೆ 2024ರ ಜನವರಿ 1ರಿಂದ ಜಾರಿಗೆ ಬಂತು, ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯ ಮತ್ತು ಸಮಾನತೆಯ ಕಚೇರಿಗಳು ಇರಬಾರದು ಎಂಬುದು ಅದರ ತಿರುಳು. ಆಸ್ಟಿನ್‌ನಲ್ಲಿ ವಿವಿಧ ಸಮುದಾಯಗಳ ವಿದ್ಯಾರ್ಥಿಗಳು ಸೇರುತ್ತಿದ್ದ ಕೇಂದ್ರ ಬಾಗಿಲು ಹಾಕಿತು. ಫ್ಲಾರಿಡಾದಲ್ಲೂ ಇಂಥದೇ ಕಾಯ್ದೆ ಇದೆ. 2022ರಲ್ಲಿ ಕೋರ್ಸು ಸೇರಿ ಅಂಥ ಕೇಂದ್ರಗಳಲ್ಲಿ ಕೆಲಸ ಮಾಡಬೇಕೆಂದು ತಯಾರಾದವರು 2024ರ ಮೇ ತಿಂಗಳಲ್ಲಿ ಪದವಿ ಪಡೆದು ಹೊರಬಂದಾಗ ಆ ರಾಜ್ಯಗಳಲ್ಲಿ ಅವರಿಗೆ ಹುದ್ದೆಯೇ ಇರಲಿಲ್ಲ.

ನಮ್ಮ ಕಡೆ ಇದಕ್ಕೆ ಹತ್ತಿರದ್ದು ಏನಿದೆ? ಮಠಗಳ ಉಚಿತ ವಿದ್ಯಾರ್ಥಿನಿಲಯಗಳು, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲುಗಳು, ಅಲ್ಲಿನ ನಿಲಯಪಾಲಕರು. ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿ ಎಂಬ ಹುದ್ದೆ ಇದೆ. ಸಾಮಾನ್ಯವಾಗಿ ಪ್ರಾಧ್ಯಾಪಕರೊಬ್ಬರು ಪಾಠದ ಜೊತೆಗೆ ಹೆಚ್ಚುವರಿಯಾಗಿ ಹೊತ್ತುಕೊಳ್ಳುವ ಹೊಣೆ ಅದು. ಈ ಎಲ್ಲರಲ್ಲೂ ತಾಯಿಯಂಥವರಿದ್ದಾರೆ, ಆದರೆ ರಾತ್ರಿ ಎರಡಕ್ಕೆ ಏನು ಮಾಡಬೇಕೆಂದು ಅವರಿಗೆ ಯಾರೂ ಕೂತು ಕಲಿಸಿದ್ದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಆಂಧ್ರದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕು ಎಂದು ಹೇಳಿದೆ. ಸಮಾಲೋಚಕರು ಸಂಜೆ ಐದಕ್ಕೆ ಮನೆಗೆ ಹೋಗುತ್ತಾರೆ. ಆಮೇಲೆ ಕಟ್ಟಡದಲ್ಲಿ ಉಳಿಯುವವರಿಗೆ ಇಂಥದೊಂದು ಪದವಿಯ ಮಟ್ಟದ ತರಬೇತಿ ಕೊಡುವ ಮಾತು ಇನ್ನೂ ಗಟ್ಟಿಯಾಗಿ ಕೇಳಿಬರುತ್ತಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಈ ಕೋರ್ಸಿಗೆ ಹೋಗುತ್ತೇನೆ ಎಂದರೆ ತಡೆಯಬೇಡಿ. ಜನರೊಂದಿಗೆ ಕೆಲಸ ಮಾಡುವ ವಿದ್ಯೆಯನ್ನು ಇಷ್ಟು ಶ್ರದ್ಧೆಯಿಂದ ಕಲಿಸುವ ಪದವಿಗಳು ಕಡಿಮೆ. ವೀಸಾದ ಲೆಕ್ಕವನ್ನು ಮಾತ್ರ ಮೊದಲೇ ಹಾಕಿಕೊಳ್ಳಿ. ವಿದ್ಯಾರ್ಥಿ ವೀಸಾದಲ್ಲಿರುವವರು ಓದಿನ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅಸಿಸ್ಟೆಂಟ್‌ಶಿಪ್ ಅಷ್ಟನ್ನೂ ನುಂಗುವುದರಿಂದ ಇನ್ನೊಂದು ಸಣ್ಣ ಕೆಲಸಕ್ಕೂ ಎಡೆಯಿಲ್ಲ, ಮೇಲಿನವರು ಇನ್ನೆರಡು ಗಂಟೆ ಕೂಡು ಎಂದರೆ ಅಮೆರಿಕನ್ ಸಹಪಾಠಿ ಹೂಂ ಎನ್ನಬಹುದು, ಇವಳು ಎನ್ನುವಂತಿಲ್ಲ. ಪದವಿಯ ನಂತರ ಕೆಲಸಕ್ಕೆ ಸಿಗುವುದು 12 ತಿಂಗಳು. ಕಂಪ್ಯೂಟರ್ ಓದಿದವರಿಗೆ ಸಿಗುವ 24 ತಿಂಗಳ ವಿಸ್ತರಣೆ ಇವರಿಗಿಲ್ಲ. ವಿಶ್ವವಿದ್ಯಾಲಯಗಳು ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿಯ ಮಿತಿಗೆ ಒಳಪಡುವುದಿಲ್ಲ ಎಂಬುದು ನಿಜವೇ, ಆದರೆ ಹಾಸ್ಟೆಲ್ ವಿಭಾಗದ ಕೆಳಹಂತದ ಹುದ್ದೆಗೆ ವೀಸಾ ಕೊಡಿಸಲು ಎಲ್ಲ ವಿಶ್ವವಿದ್ಯಾಲಯಗಳೂ ಮುಂದೆ ಬರುವುದಿಲ್ಲ.

ಪ್ರವೇಶ ಪತ್ರ ಕೈಗೆ ಬಂದಾಗ ನೇರವಾಗಿ ಬರೆದು ಕೇಳಬೇಕಾದ ಸಂಗತಿಗಳಿವೆ. ಶುಲ್ಕ ಮನ್ನಾ ಎಂದರೆ ಬೋಧನಾ ಶುಲ್ಕವೊಂದೇ ಅಥವಾ ಸೆಮಿಸ್ಟರಿಗೊಮ್ಮೆ ಬರುವ ಇತರ ಶುಲ್ಕಗಳೂ ಸೇರಿವೆಯೇ? ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ? ಡಿಸೆಂಬರ್ ರಜೆಯಲ್ಲಿ ಮೆಸ್ಸು ಮುಚ್ಚಿದಾಗ ಊಟಕ್ಕೇನು, ಬೇಸಿಗೆಯ ಮೂರು ತಿಂಗಳು ಮನೆ ಇರುತ್ತದೆಯೇ, ಸ್ಟೈಪೆಂಡ್ ಹತ್ತು ತಿಂಗಳಿಗೋ ಹನ್ನೆರಡಕ್ಕೋ? ಡ್ಯೂಟಿ ಫೋನಿನ ರಾತ್ರಿಗಳು 20 ಗಂಟೆಯ ಒಳಗೋ ಹೊರಗೋ? ಕಳೆದ ವರ್ಷ ಇದೇ ಹುದ್ದೆಯಲ್ಲಿದ್ದ ವಿದ್ಯಾರ್ಥಿಯ ಫೋನ್ ನಂಬರ್ ಕೊಡುತ್ತೀರಾ ಎಂದೂ ಕೇಳಬೇಕು. ಕೊಡಲು ಹಿಂದೆಮುಂದೆ ನೋಡಿದರೆ ಇನ್ನೊಂದು ವಿಶ್ವವಿದ್ಯಾಲಯದ ಪತ್ರಕ್ಕೆ ಕಾಯುವುದು ವಾಸಿ.